ಕದದಾಚೆಗೆ ಹೋದ ಅತ್ತರು

ಕಳೆದ ಚೈತ್ರದಲ್ಲಿ ಪುಣೆಯ ಧನಕವಡಿಯಲ್ಲಿರುವ ಮೊಮ್ಮಗಳ ಮನೆಗೆ ಚೈತ್ರಗೌರಿಯ ಅರಿಷಿಣ-ಕುಂಕುಮಕ್ಕೆ ಹೋಗಿದ್ದೆ. ಮೊಮ್ಮಗಳ ನಾದಿನಿ, ಇನ್ನೂ ಕಾಲೇಜಿಗೆ ಹೋಗುವ ಹುಡುಗಿ, ಹೆಬ್ಬೆರಳಿನಷ್ಟು ಗಾತ್ರದ ಬಾಟಲಿ ಹಿಡಿದುಕೊಂಡು ಸಾಲಾಗಿ ಕುಳಿತ ಹೆಂಗಸರ ಮುಂಗೈಗೆ ಅತ್ತರು ಹಚ್ಚುತ್ತ ಬಂದಳು. ನನ್ನ ಹತ್ತಿರ ಬಂದವಳು ನನ್ನ ಬರಿಗೊರಳನ್ನು ಒಮ್ಮೆ ನೋಡಿ, ಕಣ್ಣು ತಗ್ಗಿಸಿ, ಪಕ್ಕದವಳ ಕಡೆಗೆ ಸರಿದಳು. ನಾನು ಕೈ ಚಾಚಿಯೇ ಇದ್ದೆ. ಒಮ್ಮೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವ ರೂಢಿ ನನಗಿಲ್ಲ.

“ಏ ತಂಗಿ, ಇಲ್ಲೊಂದು ಕೈ ಉಳದದ ನೋಡು,” ಎಂದೆ.

“ಹಂಗಲ್ರಿ ಅಜ್ಜಿ... ಅವ್ವಾ ಹೇಳಿದ್ಲು...”

“ಯಾರು ಹೇಳಿದ್ರು ಅಂತ ನಾ ಕೇಳ್ಲಿಲ್ಲವಾ. ಹಚ್ಚು.”

ಹಚ್ಚಿದಳು. ಮೊಮ್ಮಗಳು ಅಡುಗೆಮನೆಯ ಬಾಗಿಲಿನಿಂದ ನನ್ನನ್ನು ಕಣ್ಣಲ್ಲೇ ಗದರಿಸುತ್ತಿದ್ದಳು. ಅವಳ ಅತ್ತೆ ಮಾತ್ರ ಕಿಟಕಿಯ ಹೊರಗೆ ಏನೋ ದೊಡ್ಡ ಸಂಗತಿ ನಡೆದಿದೆ ಎಂಬಂತೆ ಅತ್ತ ನೋಡುತ್ತ ಕೂತಿದ್ದರು. ನಾನು ಮುಂಗೈಯನ್ನು ಮೂಗಿನ ಹತ್ತಿರ ತಂದೆ. ಲಾವಂಚ! ಪುಣೆಯವರು ವಾಳಾ ಎನ್ನುವ ಅದೇ ಬೇರಿನ ಅತ್ತರು. ಮೊದಲು ಹಸಿ ಹುಲ್ಲು ಮುರಿದಂಥ ಘಾಟು, ಆಮೇಲೆ ನೀರು ಬಿದ್ದ ಮಣ್ಣು. ಹದಿನಾರರ ವಯಸ್ಸಿನಲ್ಲಿ ನನಗೆ ಇದಕ್ಕಿಂತ ಪ್ರೀತಿಯ ವಸ್ತು ಇರಲಿಲ್ಲ. ಇದರ ಸಲುವಾಗಿ ನಾನು ಏನು ಕಳೆದುಕೊಂಡೆ ಎಂಬುದು ಅಲ್ಲಿ ಕುಳಿತ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಲಿ ಎಂದೇ ಬರೆಯುತ್ತಿದ್ದೇನೆ.

ಯರವಡಾ ಜೈಲು ಸತ್ಯಾಗ್ರಹಿಗಳಿಂದ ತುಂಬಿದ್ದ ವರ್ಷ ಅದು. ನಾವಿದ್ದದ್ದು ಪುಣೆಯ ನಾರಾಯಣ ಪೇಟೆಯ, ಹಲವು ಬಿಡಾರಗಳಿದ್ದ ಒಂದು ವಾಡೆಯಲ್ಲಿ, ಅಂಗಳದ ನೀರಿನ ಹೌದಿಗೆ ಮುಖ ಮಾಡಿದ ಬಾಡಿಗೆಯ ಮನೆಯಲ್ಲಿ. ಧಾರವಾಡದಿಂದ ಬಂದ ಅಪ್ಪ ಸರಕಾರಿ ಕಚೇರಿಯಲ್ಲಿ ಕಾರಕೂನರು. ಹೊರಗೆ ಮರಾಠಿ, ಒಳಗೆ ಕನ್ನಡ, ಹೊಸ್ತಿಲ ಮೇಲೆ ನಿಂತಾಗ ಎರಡೂ. ಅಮ್ಮನನ್ನು ನಾನು ಸುತ್ತಲಿನ ಮಕ್ಕಳಂತೆ ಆಯಿ ಎಂದೇ ಕರೆಯುತ್ತಿದ್ದೆ. ಮನೆಯಲ್ಲಿ ಇನ್ನಿಬ್ಬರಿದ್ದರು. ಒಬ್ಬಳು ಅಪ್ಪನ ತಾಯಿ, ನನ್ನ ಅಜ್ಜಿ. ಇನ್ನೊಬ್ಬಳು ಅಪ್ಪನ ತಂಗಿ, ಗೋದತ್ತಿ. ತಾಯಿ-ಮಗಳು ಇಬ್ಬರೂ ಗಂಡನನ್ನು ಕಳೆದುಕೊಂಡವರು, ಇಬ್ಬರದೂ ಕೆಂಪು ಸೀರೆ, ಬೋಳಿಸಿದ ತಲೆಯ ಮೇಲೆ ಎಳೆದ ಸೆರಗು. ಅಜ್ಜಿಗೆ ಅರವತ್ತು ದಾಟಿತ್ತು. ಗೋದತ್ತಿಗೆ ಮೂವತ್ತೂ ತುಂಬಿರಲಿಲ್ಲ.

ಗೋದತ್ತಿ ಎಂದರೆ ಮೂಲೆಯಲ್ಲಿ ಕೂತು ಕಣ್ಣೀರು ಹಾಕುವವಳು ಎಂದು ಯಾರಾದರೂ ತಿಳಿದುಕೊಂಡರೆ ಅವಳಿಗೇ ನಗು ಬಂದೀತು. ಬಾಯಿ ಬಲು ಜೋರು. ಮೂಗು ಅದಕ್ಕಿಂತ ಜೋರು. ಒಲೆಯ ಮುಂದೆ ಬೆನ್ನು ಹಾಕಿ ಕೂತಿದ್ದರೂ ಬಾಗಿಲಿಗೆ ಯಾರು ಬಂದರೆಂದು ಹೇಳುತ್ತಿದ್ದಳು. “ಬಂದ್ರು ನೋಡು, ನಶ್ಯದ ಮಾಸ್ತರು,” ಎನ್ನುವಳು. ವಾಡೆಯ ಒಡತಿ ಬಂದರೆ, “ಮಾಲಕೀಣಬಾಯಿ ಇವತ್ತ ಕೊಬ್ರಿ ಎಣ್ಣಿ ಬದಲಿ ಮಾಡ್ಯಾಳ.” ಅಪ್ಪ ಅವಳನ್ನು ಚೇಷ್ಟೆ ಮಾಡುತ್ತಿದ್ದರು: “ನಿನ್ನ ಪೋಲೀಸ್ ಖಾತೇಕ್ಕ ಕಳಿಸಿದ್ರ ಸಾಹೇಬರಿಗೆ ನಾಯಿ ಸಾಕೂ ಖರ್ಚು ಉಳೀತದ.”

ನಮ್ಮಲ್ಲಿ ಚೈತ್ರವೆಲ್ಲ ಗೌರಿಯ ತಿಂಗಳು. ಗೌರಿಯನ್ನು ಕೂಡಿಸಿದಲ್ಲಿಂದ ಅಕ್ಷಯ ತದಿಗೆಯವರೆಗೆ ಇವತ್ತು ಈ ಮನೆ, ನಾಳೆ ಆ ಮನೆ ಎಂದು ಹೆಂಗಸರ ಓಡಾಟ. ಬಂದ ಮುತ್ತೈದೆಯರಿಗೆ ತರಿತರಿಯಾಗಿ ರುಬ್ಬಿ ಮಾವಿನಕಾಯಿ ತುರಿದು ಕಲಸಿದ ಕಡಲೆಬೇಳೆಯ ಕೋಸಂಬರಿ, ಬೇಯಿಸಿದ ಮಾವಿನಕಾಯಿಯ ಪಾನಕ, ಉಡಿಗೆ ನೆನೆಸಿದ ಕಡಲೆ, ಮೈಮೇಲೆ ಗುಲಾಬದಾನಿಯ ನೀರು, ಕೊನೆಗೆ ಮುಂಗೈಗೆ ಅತ್ತರು. ಅತ್ತರು ಹಚ್ಚುವುದು ಮನೆಯ ಕನ್ನೆಹುಡುಗಿಯ ಕೆಲಸ. ಹನ್ನೆರಡನೆಯ ವಯಸ್ಸಿನಿಂದ ಅದು ನನ್ನ ಪಾಲಿಗೆ ಬಂದಿತ್ತು. ಅತ್ತರದಾನಿ ಆಯಿ ತವರಿನಿಂದ ತಂದದ್ದು, ಬೆಳ್ಳಿಯದು. ಮುಚ್ಚಳಕ್ಕೇ ಕೂಡಿಸಿದ ಒಂದು ಸಣ್ಣ ಕಡ್ಡಿ, ಅದನ್ನು ಅದ್ದಿ ಅದ್ದಿ ಹಚ್ಚಬೇಕು. ಅಪ್ಪ ಯುಗಾದಿ ಮುಗಿದ ಮೇಲೆ ಬೋಹರಿ ಆಳಿಯ ಓಣಿಯಲ್ಲಿನ ಅತ್ತರಿನ ಅಂಗಡಿಗೆ ಹೋಗಿ ವರ್ಷಕ್ಕೊಮ್ಮೆ ಒಂದು ಬಾಟಲಿ ಲಾವಂಚದ ಅತ್ತರು ತರುತ್ತಿದ್ದರು. ಮದರಂಗಿಯ ಹೀನಾ ಅತ್ತರು ಚಳಿಗಾಲಕ್ಕೆ, ಬೇಸಗೆಗೆ ಲಾವಂಚವೇ ಸರಿ ಎಂದು ಅಂಗಡಿಯವನು ಹೇಳಿದ್ದನಂತೆ.

ಈ ಸಡಗರದ ಹಿಂದಿನ ಕೈಯೆಲ್ಲ ಗೋದತ್ತಿಯದು. ಬೆಳಗಿನ ಜಾವ ಎದ್ದು ಮಡಿಯುಟ್ಟು ಬೇಳೆ ರುಬ್ಬುವವಳು ಅವಳು, ಮಾವಿನಕಾಯಿ ತುರಿಯುವವಳು ಅವಳು, ಗೌರಿಯ ಮುಂದೆ ಕಲ್ಲಂಗಡಿಯನ್ನು ಕಮಲದ ಹಾಗೆ ಕೊರೆದು ಇಡುವವಳೂ ಅವಳೇ. ಅಂಗಳದಲ್ಲಿ ಮೊದಲ ಮುತ್ತೈದೆಯ ಕಾಲುಂಗುರದ ಸಪ್ಪಳ ಕೇಳಿದ ಕೂಡಲೇ ಅಜ್ಜಿ ಅವಳನ್ನು ಕರೆದುಕೊಂಡು ಪಡಸಾಲೆಗೆ ಹೊಂದಿದ ಸಾಮಾನಿನ ಕೋಣೆಗೆ ಹೋಗಿ ಒಳಗಿನಿಂದ ಅಗಳಿ ಹಾಕಿಬಿಡುತ್ತಿದ್ದಳು. ಮುತ್ತೈದೆಯರ ಕಣ್ಣಿಗೆ ಆ ಮುಖಗಳು ಬೀಳಬಾರದು. ಎಲ್ಲರೂ ಹೋಗುವ ತನಕ ಅಕ್ಕಿಯ ಚೀಲ, ಬೆಲ್ಲದ ಡಬ್ಬಿಗಳ ನಡುವೆ ಕತ್ತಲಲ್ಲಿ ಕೂಡಬೇಕು.

ತಮಾಷೆ ನೋಡಿ. ಅವಳ ಕೈ ಕಲಸಿದ ಕೋಸಂಬರಿ ಎಲ್ಲರಿಗೂ ಬೇಕು, ಮಡಿಯ ಕೈ ಎಂಬ ಹೊಗಳಿಕೆ ಬೇರೆ. ಆ ಕೈಗೆ ಒಂದು ಹನಿ ಅತ್ತರು ಮಾತ್ರ ಬೇಡ.

ಹೆಂಗಸರು ಹೊರಟುಹೋದ ಮೇಲೆ ನಾನು ಆ ಕೋಣೆಗೆ ಓಡುತ್ತಿದ್ದೆ. ಗೋದತ್ತಿ ಕತ್ತಲಲ್ಲಿ ನನ್ನ ಬೆರಳುಗಳನ್ನು ಹಿಡಿದು ಮೂಗಿಗೆ ಒತ್ತಿಕೊಳ್ಳುತ್ತಿದ್ದಳು. ನಾನು ಆ ಅತ್ತರನ್ನು ಪ್ರೀತಿಸಲು ಕಲಿತದ್ದು ಅವಳ ಮೂಗಿನಿಂದ. ಲಗ್ನವಾಗಿ ಬೆಳಗಾವಿಯ ಗಂಡನ ಮನೆಗೆ ಹೋದ ಮೊದಲ ಚೈತ್ರದಲ್ಲಿ ಅವಳಿಗೆ ಹಚ್ಚಿದ್ದು ಇದೇ ಅತ್ತರು. ಅಂಥ ಚೈತ್ರಗಳು ಅವಳಿಗೆ ಹೆಚ್ಚು ಸಿಗಲಿಲ್ಲ.

“ಉಜ್ಜಬ್ಯಾಡ, ಸುಶೀ. ಉಜ್ಜಿದ್ರ ಅದು ಓಡಿ ಹೋಗ್ತದ. ಸುಮ್ನ ಇರಗೊಡು. ಮೊದಲ ಸಿಟ್ಟು ಮಾಡ್ತದ, ಆಮ್ಯಾಲ ತಾನ ಹತ್ತರ ಬರ್ತದ. ರಾತ್ರಿ ದಿಂಬಿನ ಮ್ಯಾಲ ಕೈ ಇಟ್ಟಾಗ ನೋಡು, ಬೆಲ್ಲದ್ದೊಂದು ಎಳಿ ಬರ್ತದ.”

“ಕತ್ತಲ್ಯಾಗ ಕೂತು ಬ್ಯಾಸರಾ ಬರಂಗಿಲ್ಲೇನು ನಿನಗ?”

“ಕದಾ ಹಾಕಿದ್ರ ನನ್ನ ಮಾರಿ ಒಳಗ ಉಳೀತದ. ವಾಸನಿ ಹೊರಗ ಉಳೀತದೇನು? ಕದದ ಬುಡಕಿಂದ ನುಸುಳಿ ಬರ್ತದ. ಅದಕ್ಕ ಮಡಿ ಇಲ್ಲ, ಮೈಲಿಗಿ ಇಲ್ಲ.”

ಅಜ್ಜಿ ಆಗೆಲ್ಲ ಜಪಮಾಲೆ ಹಿಡಿದು ಗೋಡೆಯ ಕಡೆ ಮುಖ ತಿರುಗಿಸಿ ಕೂತಿರುತ್ತಿದ್ದಳು. ಮೂಗಿನಿಂದ ಉದ್ದವಾದ ಉಸಿರು ಎಳೆಯುವುದು ಕೇಳುತ್ತಿತ್ತು. ಅದು ಸಿಟ್ಟಿನ ಉಸಿರೆಂದು ನಾನು ತಿಳಿದಿದ್ದೆ. ಒಮ್ಮೆ ನಾನು ಕಡ್ಡಿಯನ್ನೇ ಒಳಗೆ ತಂದಾಗ ನನ್ನ ಕೈ ಹಿಡಿದು ಹೊರಗೆ ತಳ್ಳಿದಳು. “ನನ್ನ ಗಂಡಾ ಹೋದಾ. ಅಳಿಯಾ ಹೋದಾ. ಉಳದಾಂವ ಒಬ್ಬ ನಿಮ್ಮಪ್ಪ. ಮುತ್ತೈದಿಯರ ವಸ್ತುಕ್ಕ ನಮ್ಮ ಕೈ ತಾಗಿದ್ರ ಈ ಮನೀ ಗಂಡಸಿಗೆ ಕೇಡು. ತಿಳೀತಿಲ್ಲೋ?” ಎಂದಳು. ಅವಳ ಗದರಿಕೆಯಲ್ಲಿ ಭಯವಿತ್ತು. ಆದರೆ ಭಯ ತನ್ನದಾದರೆ ಕತ್ತಲೆ ಮಗಳಿಗೂ ಯಾಕೆ?

ಆ ವರ್ಷ ನಾನು ಮ್ಯಾಟ್ರಿಕ್ ಪರೀಕ್ಷೆ ಬರೆದು ಮುಗಿಸಿದ್ದೆ. ಫಲಿತಾಂಶ ಬರುವುದು ಜೂನಿನಲ್ಲಿ. ಅಷ್ಟರೊಳಗೆ ನನ್ನ ಲಗ್ನ ಗಟ್ಟಿಯಾಗಬೇಕೆಂದು ಮನೆಯವರ ಆಸೆ. ಸದಾಶಿವ ಪೇಟೆಯಲ್ಲಿ ಬೆಳಗಾವಿ ಕಡೆಯ ದೇಸಾಯರ ಮನೆತನವಿತ್ತು. ಅವರ ಮಗ ವಸಂತ ಕಾನೂನು ಓದುತ್ತಿದ್ದ. ಸಂಕ್ರಾಂತಿಯ ಹೊತ್ತಿಗೆ ತಂದೆಯ ಜೊತೆ ನಮ್ಮ ಮನೆಗೆ ಎಳ್ಳು ಕೊಡಲು ಬಂದವನು, ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ, “ಮುಂದ ಕಾಲೇಜಿಗೆ ಹೋಗ್ತೀರೇನ್ರಿ?” ಎಂದು ಕೇಳಿದ್ದ. ನನ್ನನ್ನು ರೀ ಹಚ್ಚಿ ಮಾತಾಡಿಸಿದ ಮೊದಲ ಗಂಡಸು ಅವನು. ನಾನು ಪುಸ್ತಕವನ್ನು ಬೆನ್ನ ಹಿಂದೆ ಹಿಡಿದಾಗ ತಾನೇ ನಕ್ಕು, “ಹೋಗ್ರಿ. ಯಾರರೆ ಬ್ಯಾಡ ಅಂದ್ರ ಕೇಳಬ್ಯಾಡ್ರಿ,” ಎಂದ. ಆಮೇಲೆ ಮುಠಾ ನದಿಯ ಸೇತುವೆ ಲಕಡಿ ಪೂಲಿನ ಮೇಲೆ ಅವನ ಸೈಕಲ್ಲು ಎದುರಾದಾಗಲೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ, ಯಾಕೆಂದರೆ ಮುಂದೆ ನಮ್ಮ ಮಂದಿ ಬೇರೆಯೇ ಕತೆ ಕಟ್ಟಿದರು. ಸುಶೀಲೆಗೆ ಆ ಹುಡುಗ ಬೇಡವಾಗಿದ್ದ, ಅದಕ್ಕೇ ಬೇಕೆಂದು ಹಾಗೆ ಮಾಡಿದಳು ಎಂದರು. ಸುಳ್ಳು. ನನಗೆ ಅವನು ಬೇಕಾಗಿದ್ದ. ಬಹಳ ಬೇಕಾಗಿದ್ದ.

ವಸಂತನ ತಾಯಿ ರಾಧಾಬಾಯಿಯವರು ನಮ್ಮ ಚೈತ್ರಗೌರಿಗೆ ಬರುವುದೆಂದು ನಿಶ್ಚಯವಾಯಿತು. ಹೆಣ್ಣು ನೋಡುವ ಶಾಸ್ತ್ರ ಗಂಡಸರದು. ಅದಕ್ಕಿಂತ ಮೊದಲು ಹೆಂಗಸರು ಹೀಗೆ ಅರಿಷಿಣ-ಕುಂಕುಮದ ನೆವದಲ್ಲಿ ಹುಡುಗಿಯನ್ನು ನೋಡಿ ಮನಸ್ಸಿನಲ್ಲಿ ಮುಗಿಸಿಬಿಡುತ್ತಿದ್ದರು. ಆಯಿ ನನಗೆ ಪಾಠ ಮಾಡಿದಳು: “ಅವರ ಕಡೆ ಎಲ್ಲಾರಕಿಂತ ಕಡೀಕ ಹೋಗು. ಅತ್ತರ ಹಚ್ಚಿ, ನಮಸ್ಕಾರ ಮಾಡಿ, ಸ್ವಲ್ಪ ಹೊತ್ತು ನಿಲ್ಲು. ನೋಡ್ಲಿ ಅವರು.” ಆಯಿ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದೇ ಕಡಿಮೆ. ಅತ್ತೆಯ ಮನೆಯಲ್ಲಿ ದನಿ ಎತ್ತದೆ ಬಾಳಿದವಳು ಅವಳು.

ಅಂದಿನ ಸಂಜೆ ವಾಡೆಯ ಕಲ್ಲುಗಳು ಕಾದು ಸುಡುತ್ತಿದ್ದವು. ಪಡಸಾಲೆಯಲ್ಲಿ ಎರಡು ಸಾಲಾಗಿ ಹೆಂಗಸರು ಕೂತಿದ್ದರು, ಕನ್ನಡದವರೂ ಮರಾಠಿಯವರೂ. ಗೌರಿಯ ಪಕ್ಕದ ಮಾನದ ಜಾಗದಲ್ಲಿ ರಾಧಾಬಾಯಿಯವರು. ಕೋಸಂಬರಿ ಬಾಯಿಗೆ ಹಾಕಿಕೊಂಡು, “ಏನ ರುಚಿ ಅದರಿ! ಯಾರ ಕೈದು?” ಎಂದರು. ಆಯಿ ಒಂದು ಕ್ಷಣ ಸಾಮಾನಿನ ಕೋಣೆಯ ಕದದ ಕಡೆ ನೋಡಿ, “ನಮ್ಮ ಸುಶೀನ ಮಾಡ್ಯಾಳ್ರಿ,” ಎಂದಳು. ಹುಡುಗಿಯ ಗುಣ ಹೇಳಬೇಕಾದ ಹೊತ್ತದು, ಹಾಗೆ ಹೇಳುವುದು ರೂಢಿ. ಕದದ ಆಚೆ ಗೋದತ್ತಿ ಅದನ್ನು ಕೇಳಿಸಿಕೊಂಡಳು ಎಂಬುದು ನನಗೆ ಗೊತ್ತು, ಆಯಿಗೂ ಗೊತ್ತು. ನಾನು ಬೆಳಿಗ್ಗೆ ಮಾಡಿದ್ದು ಇಷ್ಟೇ: ಅವಳು ರುಬ್ಬುವಾಗ ಪಕ್ಕದಲ್ಲಿ ಕೂತು ಹಸಿ ಬೇಳೆ ತಿಂದದ್ದು.

ಅತ್ತರದಾನಿ ಹಿಡಿದು ಮೊದಲ ಸಾಲು ಹಚ್ಚುತ್ತ ಬಂದೆ. ಒಂದೊಂದು ಮುಂಗೈ ಮುಂದೆ ಬರುವುದು, ಕಡ್ಡಿ ತಾಗುವುದು, ಕೈ ಮೂಗಿಗೆ ಹೋಗುವುದು. ಕೋಣೆಯೆಲ್ಲ ಮಳೆ ಬಿದ್ದ ಮಣ್ಣಿನ ವಾಸನೆ. ಸಾಲಿನ ತುದಿಯಲ್ಲಿ ಕೂತ ಹೆಂಗಸು ಸಾಮಾನಿನ ಕೋಣೆಯ ಕದಕ್ಕೆ ಬೆನ್ನು ಆನಿಸಿ ಕೂತಿದ್ದಳು. ಅವಳಿಗೆ ಹಚ್ಚಿದೆ. ಇನ್ನು ತಿರುಗಿ ಎರಡನೆಯ ಸಾಲಿಗೆ ಹೋಗಬೇಕು. ತಿರುಗಲಿಲ್ಲ. ಸಾಲು ಇನ್ನೂ ಮುಗಿದಿಲ್ಲ ಎಂದು ನನಗೆ ಅನಿಸಿತು. ಅನಿಸಿದ್ದಷ್ಟೇ ಗೊತ್ತು, ಧೈರ್ಯವೆಂದು ಅದನ್ನು ಕರೆಯಲಾರೆ.

“ಸ್ವಲ್ಪ ಸರೀರಿ,” ಎಂದು ಆ ಹೆಂಗಸಿಗೆ ಹೇಳಿ ಕದ ಬಡಿದೆ. “ಗೋದತ್ತಿ, ಅಗಳಿ ತಗಿ.”

ಏನೋ ಅವಘಡವಾಗಿದೆ ಎಂದುಕೊಂಡಳೋ ಏನೋ, ಗೋದತ್ತಿ ತಟ್ಟನೆ ತೆಗೆದಳು. ಬೆಳಕಿಗೆ ಕಣ್ಣು ಕಿರಿದು ಮಾಡಿ ನಿಂತಳು. ಹಿಂದೆ ಅಜ್ಜಿ ಜಪಮಾಲೆ ಹಿಡಿದು ಅರ್ಧ ಎದ್ದಿದ್ದಳು.

“ಕೈ ಕೊಡು,” ಎಂದೆ.

“ಹುಚ್ಚೀ, ಏನ ಮಾಡ್ಲಿಕತ್ತೀ? ಕದಾ ಹಾಕು!” ಗೋದತ್ತಿ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು.

“ಕೈ ಕೊಡು.”

ಗೋದತ್ತಿ ನನ್ನನ್ನು ನೋಡಿದಳು, ಕಡ್ಡಿಯನ್ನು ನೋಡಿದಳು, ನನ್ನ ಭುಜದ ಮೇಲಿಂದ ಅಷ್ಟೂ ಜನರನ್ನು ನೋಡಿದಳು. ನಾನು ಅವಳ ಕೈ ಎಳೆಯಲಿಲ್ಲ. ಅವಳೇ ಹೊರಗೆ ತೆಗೆದಳು. ಬೆಳಗಿನ ಅರಿಷಿಣ ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿದ್ದ ಆ ಕೈಯನ್ನು ಬೋರಲಾಗಿ ನನ್ನ ಮುಂದೆ ಹಿಡಿದಳು. ನಾನು ಹಚ್ಚಿದೆ. ಅವಳು ಉಜ್ಜಲಿಲ್ಲ.

“ಹಾಳಾತು! ಮನಿ ಹಾಳಾತು!” ಎಂದು ಅಜ್ಜಿ ಹಣೆ ಬಡಿದುಕೊಂಡಳು.

ನಾನು ತಿರುಗಿ ಎರಡನೆಯ ಸಾಲಿಗೆ ಬಂದೆ. ಮೊದಲನೆಯವಳು ಕೈಯನ್ನು ಸೀರೆಯ ಮಡಿಕೆಗೆ ಸೇರಿಸಿದಳು. ಎರಡನೆಯವಳೂ ಹಾಗೇ. ಯಾರೋ ಮರಾಠಿಯಲ್ಲಿ ಹೊತ್ತಾಯಿತೆಂದು ಗೊಣಗಿ ಎದ್ದರು. ನಾನು ನೇರವಾಗಿ ರಾಧಾಬಾಯಿಯವರ ಮುಂದೆ ಹೋಗಿ ನಿಂತೆ. ಅವರು ಕೆಟ್ಟವರಲ್ಲ, ಅದೇ ಕಷ್ಟ. ಮುಖದಲ್ಲಿ ನಗು ಇಟ್ಟುಕೊಂಡೇ ಆಯಿಗೆ ಹೇಳಿದರು: “ಸಣ್ಣ ಹುಡುಗಿ, ತಿಳೀದ ಮಾಡ್ಯಾಳ. ಆ ಕಡ್ಡಿ ಬಿಟ್ಟು ಬ್ಯಾರೆ ಕಡ್ಡೀಲೆ ತರ್ಲಿ, ಕೈ ತೊಳಕೊಂಡ ಬರ್ಲಿ. ನಾ ಏನೂ ಮನಸಿನ್ಯಾಗ ಇಟಗೊಳ್ಳೂದಿಲ್ಲ.” ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ, “ಹೋಗವಾ. ನಮ್ಮ ವಸಂತ ನಿನ್ನ ಬಗ್ಗೆ ಭಾಳ ಹೇಳ್ಯಾನ,” ಎಂದರು.

ಹೌದಿನ ತನಕ ಹೋಗಿ ಬರುವುದು, ಅಷ್ಟೇ. ಒಂದು ತಂಬಿಗೆ ನೀರಿನಲ್ಲಿ ಎಲ್ಲ ಸರಿಹೋಗುತ್ತಿತ್ತು. ವಸಂತ ನನ್ನವನಾಗುತ್ತಿದ್ದ, ಕಾಲೇಜೂ ಅವನ ಜೊತೆಗೇ ಬರು‌ತ್ತಿತ್ತು. ಬಾಗಿಲಲ್ಲಿ ಗೋದತ್ತಿ, “ಹೋಗು ಸುಶೀ, ತೊಳಕೊಂಡ ಬಾ,” ಎಂದು ಕಣ್ಣಿನಲ್ಲೇ ಬೇಡುತ್ತಿದ್ದಳು.

“ಬ್ಯಾರೆ ಕಡ್ಡಿ ಇಲ್ರಿ,” ಎಂದೆ. “ನಮ್ಮ ಮನ್ಯಾಗ ಇರೂದು ಇದೊಂದ.”

ರಾಧಾಬಾಯಿಯವರು ನಗು ನಿಲ್ಲಿಸಿದರು. ಉಡಿಯ ಕಡಲೆಯನ್ನು ಗೌರಿಯ ಮುಂದೆ ಸುರಿದು ಎದ್ದರು. ನಾನು ಮುಚ್ಚಳ ತೆರೆದ ಅತ್ತರದಾನಿ ಹಿಡಿದು ನಿಂತೇ ಇದ್ದೆ. ಸಾಯಲಿ, ಇವರ ಮುಂದೆ ಅಳುವುದಿಲ್ಲ ಎಂದು ತುಟಿ ಕಚ್ಚಿದ್ದೆ. ಆಗ ನನ್ನ ಮುಂದೆ ಒಂದು ಮುಂಗೈ ಬಂತು. ಹಸಿರು ಬಳೆ, ಒಲೆಯ ಸುಟ್ಟ ಕಲೆ. ಆಯಿಯ ಕೈ.

“ನನಗ ಹಚ್ಚು,” ಎಂದಳು. ಆಮೇಲೆ ಅವರ ಕಡೆ ತಿರುಗಿದಳು: “ಕೋಸಂಬರಿ ಗೋದಾ ಮಾಡ್ಯಾಳ್ರಿ, ರಾಧಾಬಾಯಿ. ಸುಶೀ ಅಲ್ಲ.”

ರಾಧಾಬಾಯಿಯವರು ಮೆಟ್ಟಿಲಿಳಿದರು. ಅವರ ಹಿಂದೆ ಬಹಳ ಜನ ಹೋದರು. ವಾಡೆಯ ಒಡತಿ ಮಾಲಕೀಣಬಾಯಿ, ಮರಾಠಿ ಮುದುಕಿ, ಮಂಡಿನೋವಿನವಳು, ಎದ್ದೇಳಲಾರದೆ ಕೂತಿದ್ದಳೋ ಮನಸ್ಸಿನಿಂದಲೇ ಕೂತಿದ್ದಳೋ ದೇವರೇ ಬಲ್ಲ. “ಮಲಾ ಪಣ ಲಾವ ಗ, ನನಗೂ ಹಚ್ಚ,” ಎಂದು ಎರಡೂ ಭಾಷೆಯಲ್ಲಿ ಹೇಳಿ ಕೈ ಚಾಚಿದಳು.

ಕತ್ತಲಾದ ಮೇಲೆ ಕಚೇರಿಯಿಂದ ಬಂದ ಅಪ್ಪ ಅಜ್ಜಿಯ ಬಾಯಿಂದ ಎಲ್ಲ ಕೇಳಿದರು. ರುಮಾಲು ತೆಗೆದು ಗೂಟಕ್ಕೆ ಹಾಕಿದರು. ನನ್ನನ್ನು ಅವರು ಹೊಗಳಲಿಲ್ಲ, ಅದನ್ನೂ ಹೇಳಬೇಕು. ಒಳ್ಳೆಯ ಸಂಬಂಧ ತಪ್ಪಿದ ದುಃಖ ಅವರ ಮುಖದಲ್ಲಿತ್ತು. ಊಟಕ್ಕೆ ಏಳುವಾಗ ತಂಗಿಯನ್ನು ಕೇಳಿದರು: “ಗೋದಾ, ಅತ್ತರ ಛಲೋ ಇತ್ತೇನು?”

“ಹೋದ ವರ್ಷದ್ದಕಿಂತ ಛಲೋ ಅದ, ಅಣ್ಣಾ,” ಎಂದಳು ಅವಳು ಒಲೆಯ ಕಡೆ ನೋಡುತ್ತ.

ದೇಸಾಯರ ಮನೆಯಿಂದ ಒಂದು ಮಾತೂ ಬರಲಿಲ್ಲ. ಯಾರಾದರೂ ಬೇಡವೆಂದರೆ ಕೇಳಬೇಡಿ ಎಂದು ನನಗೆ ಹೇಳಿದವನು ತನ್ನ ತಾಯಿ ಬೇಡವೆಂದಾಗ ಕೇಳಿದ. ಮಳೆಗಾಲದ ಮೊದಲು ಲಕಡಿ ಪೂಲಿನ ಮೇಲೆ ಒಮ್ಮೆ ಕಂಡ. ಸೈಕಲ್ಲಿನ ಗಂಟೆ ಬಾರಿಸಿಕೊಂಡು, ಎದುರಿಗೆ ಯಾರೂ ಇಲ್ಲದಿದ್ದರೂ ಬಾರಿಸಿಕೊಂಡು, ಮುಂದೆ ಹೋದ. ನಾನು ಮನೆಗೆ ಬಂದು ಹೌದಿನ ಹಿಂದೆ ಕೂತು ಮನಸಾರೆ ಅತ್ತೆ. ಅತ್ತು ಮುಗಿದ ಮೇಲೂ, ಮತ್ತೆ ಆ ಕದದ ಮುಂದೆ ನಿಲ್ಲಿಸಿದರೆ ಮತ್ತೆ ಬಡಿಯುತ್ತೇನೆ ಎಂದೇ ಅನಿಸಿತು. ಇವತ್ತಿಗೂ ಹಾಗೇ ಅನಿಸುತ್ತದೆ.

ಜೂನಿನಲ್ಲಿ ನಾನು ಪಾಸಾದೆ. ಅಜ್ಜಿ ನನ್ನ ಜೊತೆ ಮಾತು ಬಿಟ್ಟಿದ್ದಳು. ಏನಾದರೂ ಬೇಕಿದ್ದರೆ ಗೋಡೆಗೆ ಹೇಳುತ್ತಿದ್ದಳು: “ಯಾರರೆ ನನ್ನ ತಂಬಗಿ ಕೊಟ್ರ ಛಲೋ ಆಗ್ತಿತ್ತು.” ಶ್ರಾವಣದಲ್ಲಿ ಮುಠಾ ನದಿ ತುಂಬಿ ಹರಿಯಿತು, ವಾಡೆಯ ಗೋಡೆಗಳೆಲ್ಲ ತೇವ ಹಿಡಿದವು. ಆಗ ಅಪ್ಪನಿಗೆ ಜ್ವರ ಬಂತು.

ಮೊದಲು ಚಳಿ, ಆಮೇಲೆ ಮೈಯೆಲ್ಲ ಕೆಂಡ. ಡಾಕ್ಟರು ಬಂದು ಕ್ವಿನೈನ್ ಕೊಟ್ಟು ಹೋದರು. ಜ್ವರ ಇಳಿಯುವುದು, ಮತ್ತೆ ಏರುವುದು. ಅಪ್ಪ ಕಚೇರಿಯ ಸಾಹೇಬನ ಹತ್ತಿರ ಮಾತಾಡಿದಂತೆ ಬಡಬಡಿಸತೊಡಗಿದರು. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು. ಗೋದತ್ತಿ ಹೌದಿನ ಕಟ್ಟೆಯ ಮೇಲೆ ಕೂತು, ನಾಲ್ಕು ತಿಂಗಳ ಹಿಂದೆ ಅತ್ತರು ತಾಗಿದ ಕೈಯನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು. ಚರ್ಮ ಕೆಂಪಾಗಿತ್ತು.

“ಏನ ಮಾಡ್ಲಿಕತ್ತೀ?” ಎಂದು ಕೈ ಹಿಡಿದೆ.

“ಬಿಡು ನನ್ನ. ಅವ್ವಾ ಹೇಳಿದ್ದ ಖರೆ ಇದ್ರ? ಅಣ್ಣಾಗ ಏನರೆ ಆದ್ರ ನಾ ಏನ ಮಾಡ್ಲಿ?”

ಅಂಥ ಬಾಯಿಯ ಗೋದತ್ತಿ ಚಿಕ್ಕ ಹುಡುಗಿಯಂತೆ ಬಿಕ್ಕಿದಳು. ನಾನೂ ಹೆದರಿದ್ದೆ. ವಿಜ್ಞಾನ ಓದಿದವಳು, ಸೊಳ್ಳೆಯಿಂದ ಜ್ವರ ಬರುತ್ತದೆಂದು ಪರೀಕ್ಷೆಯಲ್ಲಿ ಬರೆದು ಬಂದವಳು. ಆದರೂ ಅಪ್ಪನ ನರಳಿಕೆ ಕೇಳುವಾಗ, ಆ ಕಡ್ಡಿಯೇ ಇದಕ್ಕೆ ಕಾರಣವಾದರೆ ಎಂಬ ಯೋಚನೆ ಬಾರದೆ ಇರಲಿಲ್ಲ.

ಅಜ್ಜಿ ನನ್ನನ್ನು ದೇವರ ಮನೆಗೆ ಕರೆದಳು. ಚೈತ್ರದ ನಂತರ ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ಸುಶೀಲಾ, ಗೌರೀ ಮುಂದ ಮೂಗು ತಿಕ್ಕು. ತಪ್ಪಾತು ಅನ್ನು. ಇನ್ನ ಸಾಯೂತನಕಾ ಅತ್ತರ ಮುಟ್ಟೂದಿಲ್ಲಂತ ಆಣಿ ಮಾಡು.” ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಮಗನ ಸಲುವಾಗಿ ಅವಳು ನನ್ನ ಕಾಲು ಹಿಡಿಯಲೂ ತಯಾರಿದ್ದಳು ಎಂದು ಕಾಣುತ್ತದೆ.

ನಾನು ಹಿತ್ತಾಳೆಯ ಗೌರಿಯ ಮುಂದೆ ಕೈಮುಗಿದು ನಿಂತೆ. ತಪ್ಪಾಯಿತು ಎಂದರೆ ಯಾರ ತಪ್ಪು? ಗೋದತ್ತಿಯ ಕೈಯೇ ತಪ್ಪು ಎಂದು ಒಪ್ಪಿಕೊಂಡಂತೆ. ಅಪ್ಪನ ಜೀವಕ್ಕೆ ಅವಳ ಕೈಯನ್ನು ಬದಲಿ ಕೊಡುವ ವ್ಯಾಪಾರ ನನಗೆ ಸೇರಲಿಲ್ಲ.

“ತಾಯಿ, ಅಪ್ಪಾನ್ನ ಉಳಸು,” ಎಂದೆ ಗಟ್ಟಿಯಾಗಿ. “ನಿನ್ನ ಕಾಲಿಗೆ ಬೀಳ್ತೇನಿ. ಆದ್ರ ತಪ್ಪಾತು ಅನ್ನೂದಿಲ್ಲ.”

ಅಜ್ಜಿ ಹೊಡೆಯಲು ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತು, ನಿಧಾನವಾಗಿ ಕೆಳಗಿಳಿಯಿತು. ಅವಳು ಗೌರಿಯ ಮುಂದೆ ಕುಸಿದು ಕೂತು ಜಪಮಾಲೆ ಎತ್ತಿಕೊಂಡಳು. ನಾನು ಹೋಗಿ ಅಪ್ಪನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತೆ. ಅಪ್ಪ ಕಣ್ಣು ತೆರೆದು, ಗಡಿಗೆಯ ನೀರು ಕೊಡು ಎಂದರು. ಲಾವಂಚದ ಬೇರು ಹಾಕಿ ತಣ್ಣಗೆ ಮಾಡಿದ ನೀರದು. ಒಂದು ಗುಟುಕು ಕುಡಿದು, “ಚೈತ್ರಾ ಬಂತೇನು?” ಎಂದು ಕೇಳಿದರು. ಗೌರಿ ಉಳಿಸಿದಳೋ ಕ್ವಿನೈನ್ ಉಳಿಸಿತೋ, ಗಣಪತಿಯ ಹಬ್ಬಕ್ಕೆ ಅಪ್ಪ ಕೋಲು ಹಿಡಿದು ಅಂಗಳದಲ್ಲಿ ಓಡಾಡುವಂತಾದರು. ದೀಪಾವಳಿಯ ಹೊತ್ತಿಗೆ ನಾನು ಹುಡುಗಿಯರ ಶಾಲೆಯಲ್ಲಿ ಒಂದನೆಯ ಇಯತ್ತೆಗೆ ಪಾಠ ಹೇಳತೊಡಗಿದ್ದೆ.

ಮತ್ತೆ ಚೈತ್ರ ಬಂತು. ಅಪ್ಪ ತಾವಾಗಿಯೇ ಬೋಹರಿ ಆಳಿಗೆ ಹೋಗಿ ಲಾವಂಚದ ಅತ್ತರು ತಂದು ಅತ್ತರದಾನಿಯ ಪಕ್ಕದಲ್ಲಿ ಇಟ್ಟರು. ಗೋದತ್ತಿ ಬೇಳೆ ರುಬ್ಬಿದಳು. ಬಂದ ಹೆಂಗಸರು ಬಹಳ ಕಡಿಮೆ. ಹಿಂದಿನ ವರ್ಷ ಎರಡು ಸಾಲು ತುಂಬಿದ್ದ ಪಡಸಾಲೆಯಲ್ಲಿ ಅರ್ಧ ಸಾಲು. ಮಾಲಕೀಣಬಾಯಿ ತನ್ನ ಸೊಸೆಯರನ್ನು ಕರೆತಂದಿದ್ದಳು. ನನ್ನ ಶಾಲೆಯ ಶಿಕ್ಷಕಿಯರು ಇಬ್ಬರು ಬಂದಿದ್ದರು. ಉಳಿದವರಿಗೆ ಆ ದಿನ ನೆಗಡಿ, ತಲೆನೋವು.

ಗೋದತ್ತಿ ಕೋಣೆಯೊಳಗೆ ಹೋಗಲಿಲ್ಲ. ಸಾಲಿನಲ್ಲೂ ಕೂಡಲಿಲ್ಲ. ಕೋಣೆಯ ಹೊಸ್ತಿಲ ಮೇಲೆ, ಅರ್ಧ ಒಳಗೆ ಅರ್ಧ ಹೊರಗೆ ಕೂತಳು. ಅಜ್ಜಿ ಮಾತ್ರ ಎಂದಿನಂತೆ ಜಪಮಾಲೆ ಹಿಡಿದು ಒಳಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಕೂತಳು. ಮಗಳು ಹೊಸ್ತಿಲ ಮೇಲಿದ್ದುದರಿಂದ ಕದ ಹಾಕುವಂತಿರಲಿಲ್ಲ. ಏಳು ಅಂತಲೂ ಅವಳು ಹೇಳಲಿಲ್ಲ.

ನಾನು ಸಾಲು ಮುಗಿಸಿ ಗೋದತ್ತಿಯ ಕೈಗೆ ಹಚ್ಚಿದೆ. ಈ ಸಲ ಅವಳು ಅಡಗಿಸಲಿಲ್ಲ. ಮುಚ್ಚಳ ಹಾಕಿ ತಿರುಗುವಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿತು. ಹೊರಳಿ ನೋಡಿದೆ. ಅಜ್ಜಿಯ ಮುಖ ಗೋಡೆಯ ಕಡೆಗೇ ಇತ್ತು. ಬಲಗೈಯಲ್ಲಿ ಮಣಿಗಳು ಸರಿಯುತ್ತಿದ್ದವು. ಎಡಗೈ ಮಾತ್ರ ಕೆಂಪು ಸೀರೆಯ ಅಡಿಯಿಂದ ಹಿಂದಕ್ಕೆ, ನನ್ನ ಕಡೆಗೆ ಚಾಚಿತ್ತು.

ನನಗೆ ಅರ್ಥವಾಯಿತು. ಆದರೂ ಬೇಕೆಂದೇ ತಡ ಮಾಡಿದೆ. ಆ ಅಜ್ಜಿಯ ಮೊಮ್ಮಗಳಲ್ಲವೇ ನಾನು!

“ಏನಜ್ಜಿ? ತಂಬಗಿ ಬೇಕೇನು?”

“ಲಗೂ ಮುಗಸು. ಕೈ ನೋಯ್ತದ.”

“ಏನು ಮುಗಸ್ಲಿ?”

ಮಣಿಗಳು ನಿಂತವು. “ಅತ್ತರ,” ಎಂದಳು ಅಜ್ಜಿ ಗೋಡೆಗೆ.

ಕಡ್ಡಿ ಅದ್ದಿ ಹಚ್ಚಿದೆ. ಒಣಗಿದ ಮುಂಗೈ, ನರಗಳು ಎದ್ದು ಕಾಣುತ್ತಿದ್ದವು. ಅವಳು ಕೈಯನ್ನು ಮೆಲ್ಲಗೆ ಮೂಗಿನ ಹತ್ತಿರ ಒಯ್ದಳು. ಕತ್ತಲಲ್ಲಿ ಇಷ್ಟು ವರ್ಷ ನಾನು ಸಿಟ್ಟೆಂದು ತಿಳಿದಿದ್ದ ಅದೇ ಉದ್ದನೆಯ ಉಸಿರು ಕೇಳಿತು.

ಹೊಸ್ತಿಲ ಮೇಲಿನಿಂದ ಗೋದತ್ತಿ ಹೇಳಿದಳು: “ಅವ್ವಾ, ಉಜ್ಜಬ್ಯಾಡ.”

“ನನಗ ಕಲಸಬ್ಯಾಡ,” ಎಂದಳು ಅಜ್ಜಿ. “ನಾ ಹಚ್ಚಿಗೋತಿದ್ದಾಗ ನೀ ಹುಟ್ಟಿದ್ದೂ ಇಲ್ಲ.”